ಲಕ್ಷದ್ವೀಪಕ್ಕೆ ಹೋಗಿ, ಆದರೆ ಬಂಡೆಯ ಮೀನು ತಿನ್ನಬೇಡಿ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: "ಲಕ್ಷದ್ವೀಪದ ಹವಳ ಬಿಳಿಚಿಕೊಳ್ಳುತ್ತಿರುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಡಿಸೆಂಬರಿಗೆ ಗೊತ್ತು ಮಾಡಿಕೊಂಡಿದ್ದ ಪ್ರವಾಸಕ್ಕೆ ತಾನು ಬರುವುದೇ ಇಲ್ಲ ಎಂದು ನನ್ನ ಮಗಳು ಹಟ ಹಿಡಿದಿದ್ದಾಳೆ. ನಾವು ನಾಲ್ಕು ಜನ ಹೋಗದಿದ್ದರೆ ಸಮುದ್ರ ತಣ್ಣಗಾಗುತ್ತದೆಯೇ? ಪ್ರವಾಸಿಗರನ್ನು ನಂಬಿದ ಅಲ್ಲಿನವರ ಹೊಟ್ಟೆಪಾಡೇನು? ಹೆದರಿಸುವುದು ಬಿಟ್ಟು, ಹೇಗೆ ಹೋಗಬೇಕೆಂದಾದರೂ ಹೇಳಿ."

ಮಾನ್ಯರೇ,

ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ, ತಣ್ಣಗಾಗುವುದಿಲ್ಲ. 1998, 2010, 2016, ಮತ್ತೆ 2024. ಈ ನಾಲ್ಕೂ ಸಲ ಅಲ್ಲಿನ ಹವಳ ಬಿಳಿಚಿದ್ದು ನೀರು ವಾರಗಟ್ಟಲೆ ಬಿಸಿಯಾಗಿ ಉಳಿದಿದ್ದರಿಂದ. ಹವಳದ ಹುಳುವಿನ ಮೈಯೊಳಗೆ ಸೂಕ್ಷ್ಮ ಪಾಚಿ ಬದುಕುತ್ತದೆ. ಹುಳುವಿಗೆ ಬಣ್ಣವೂ ಬಹುಪಾಲು ಆಹಾರವೂ ಅದರಿಂದಲೇ. ಸೆಕೆ ತಡೆಯಲಾರದಾಗ ಹುಳು ಆ ಪಾಚಿಯನ್ನು ಹೊರಹಾಕುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಇದಕ್ಕೆ ಇಡೀ ಜಗತ್ತಿನ ಹೊಗೆ ಕಾರಣ. ನಿಮ್ಮ ಕುಟುಂಬದ ಒಂದು ಪ್ರವಾಸದ ಮೇಲೆ ಅದರ ಹೊಣೆ ಹೊರಿಸುವುದು ನ್ಯಾಯವಲ್ಲ.

ಆದರೂ ನಿಮ್ಮ ಮಗಳ ಸಂಕಟವನ್ನು ನಾನು ಗೌರವಿಸುತ್ತೇನೆ. ಹವಳ ಸಾಯುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು. ಸತ್ತ ಮೇಲೆ ಮತ್ತೆ ಬೆಳೆಯುತ್ತದೆಯೋ ಇಲ್ಲವೋ ಎಂಬುದರಲ್ಲಿ ಮಾತ್ರ ದ್ವೀಪಕ್ಕೆ ಹೋದವರ ಕೈವಾಡ ಖಂಡಿತ ಇದೆ. ಅದು ಹೇಗೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸತ್ತ ಹವಳದ ಮೇಲೆ ಕೆಲವೇ ದಿನಗಳಲ್ಲಿ ಪಾಚಿ ಹಬ್ಬುತ್ತದೆ. ಪಾಚಿ ದಟ್ಟವಾದರೆ ನೀರಿನಲ್ಲಿ ತೇಲಿಬರುವ ಹವಳದ ಮರಿಗಳಿಗೆ ಅಂಟಿಕೊಳ್ಳಲು ಜಾಗವೇ ಇರುವುದಿಲ್ಲ. ಆ ಜಾಗವನ್ನು ಕೆರೆದು ಶುಚಿ ಮಾಡುವವು ಗಿಳಿಮೀನುಗಳು ಮತ್ತು ಅವುಗಳಂತೆಯೇ ಪಾಚಿ ಮೇಯುವ ಇತರ ಮೀನುಗಳು. ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಪಾಚಿಯ ಜೊತೆ ಸುಣ್ಣದ ಬಂಡೆಯನ್ನೂ ಕಚ್ಚಿ, ಅರೆದು, ಮರಳಾಗಿ ವಿಸರ್ಜಿಸುತ್ತದೆ. ಲಕ್ಷದ್ವೀಪದ ದಕ್ಷಿಣ ತುದಿಯ ದ್ವೀಪ ಮಿನಿಕಾಯ್‌ನ ದಕ್ಷಿಣಕ್ಕಿರುವ ಮಾಲ್ದೀವ್ಸ್‌ನ ವಕ್ಕಾರು ದ್ವೀಪದ ಸುತ್ತ ಅಧ್ಯಯನ ಮಾಡಿದವರು, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ಗಿಳಿಮೀನಿನದೇ ಎಂದು ಕಂಡುಕೊಂಡರು. ನೀವು ಚಪ್ಪಲಿ ಬಿಚ್ಚಿ ನಡೆಯಲು ಹಂಬಲಿಸುವ ಆ ಬಿಳಿ ಮರಳು ಬರುವುದು ಹೀಗೆ.

ಈಗ ರೆಸಾರ್ಟಿನ ಅಡುಗೆಮನೆಗೆ ಬನ್ನಿ. ರಾತ್ರಿಯೂಟಕ್ಕೆ ಇಡಿಯಾಗಿ ಸುಟ್ಟು ತಂದಿಡುವ ಬಣ್ಣದ ಮೀನು ಬಹಳ ಸಲ ಹವಳದ ಬಂಡೆಯದು: ಗಿಳಿಮೀನು, ಇಲ್ಲವೇ ಬಂಡೆಯ ಸಂದಿನಲ್ಲಿ ಬದುಕುವ ಮುರುಮೀನು. ನಮ್ಮಲ್ಲಿ ಪ್ರವಾಸಿಗರಿಗೆ ಹೇಳುವ ಬುದ್ಧಿಮಾತೆಲ್ಲ ಪ್ಲಾಸ್ಟಿಕ್ ಬಾಟಲಿ, ಸನ್‌ಸ್ಕ್ರೀನ್ ಸುತ್ತಲೇ ಸುತ್ತುತ್ತದೆ. ಅವೂ ಬೇಕು. ಹವಳಕ್ಕೆ ಹಾನಿಯೆಂದು ಕೆಲವು ಸನ್‌ಸ್ಕ್ರೀನ್‌ಗಳನ್ನು ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವು 2020ರಿಂದ, ಹವಾಯಿ 2021ರಿಂದ ನಿಷೇಧಿಸಿವೆ. ತುಂಬುತೋಳಿನ ಅಂಗಿ ತೊಟ್ಟು ಈಜಿದರೆ ಆ ಚಿಂತೆಯೇ ಇಲ್ಲ. ಆದರೆ ನನ್ನ ಖಚಿತ ಅಭಿಪ್ರಾಯ ಇದು: ಲಕ್ಷದ್ವೀಪದಲ್ಲಿ ನೀವು ಮೈಗೆ ಏನು ಹಚ್ಚಿಕೊಂಡಿರಿ ಎಂಬುದಕ್ಕಿಂತ ತಟ್ಟೆಗೆ ಏನು ಹಾಕಿಸಿಕೊಂಡಿರಿ ಎಂಬುದು ದೊಡ್ಡದು.

ಹಾಗೆಂದು ಮೀನು ಬಿಡಬೇಕಿಲ್ಲ. ಅಲ್ಲಿನವರ ಮೀನು ಟ್ಯೂನಾ. ಮಿನಿಕಾಯ್‌ನವರ ಕೋಲುಗಾಳದ ವಿದ್ಯೆ ತಲೆಮಾರುಗಳದ್ದು. ಲಗೂನಿನಲ್ಲಿ, ಅಂದರೆ ಹವಳದ ಬಂಡೆ ಸುತ್ತುವರಿದ ಆಳವಿಲ್ಲದ ನೀರಿನಲ್ಲಿ, ಸಣ್ಣ ಮೀನು ಹಿಡಿದು ದೋಣಿಯೊಳಗಿನ ನೀರಿನಲ್ಲಿ ಜೀವಂತ ಇಟ್ಟುಕೊಂಡು ಹೊರಸಮುದ್ರಕ್ಕೆ ಹೋಗುತ್ತಾರೆ. ಟ್ಯೂನಾ ಹಿಂಡು ಕಂಡೊಡನೆ ಆ ಮೀನುಗಳನ್ನು ಎಸೆದು, ನೀರು ಚಿಮ್ಮಿಸಿ, ಹಿಂಡು ದೋಣಿಯ ಬಳಿ ಮುಗಿಬಿದ್ದಾಗ ಒಬ್ಬೊಬ್ಬರೂ ಕೋಲಿನ ಗಾಳದಿಂದ ಒಂದೊಂದೇ ಮೀನನ್ನು ಎತ್ತಿ ಹಿಂದಕ್ಕೆ ಹಾಕುತ್ತಾರೆ. ಟ್ಯೂನಾ ಹಿಡಿಯಲು ಬಲೆ ಬೀಸುವುದಿಲ್ಲ, ಆಮೆ ಡಾಲ್ಫಿನ್ ಸಿಕ್ಕಿಬೀಳುವುದಿಲ್ಲ. 1960ರ ದಶಕದಿಂದ ಮೀನುಗಾರಿಕೆ ಇಲಾಖೆ ಇದನ್ನು ಉಳಿದ ದ್ವೀಪಗಳಿಗೂ ಹಬ್ಬಿಸಿತು. ಜನ ಹೊರಸಮುದ್ರದ ಟ್ಯೂನಾದಿಂದ ಬದುಕಿದ್ದರಿಂದಲೇ ದಶಕಗಳ ಕಾಲ ಬಂಡೆಯ ಮೀನು ಉಳಿಯಿತು. 1998ರ ದೊಡ್ಡ ಸಾವಿನ ನಂತರವೂ ಅಲ್ಲಿನ ಹವಳ ಹಲವೆಡೆ ಮತ್ತೆ ಚಿಗುರಿತು. ಈಚೆಗೆ ಬಂಡೆಯ ಮೀನಿಗೆ ಹೊರಗಿನ ಬೇಡಿಕೆ ಹೆಚ್ಚುತ್ತಿದೆ. ನನ್ನ ಆತಂಕ ಅದರದ್ದು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 24 ವರ್ಷ ನಡೆದ ಅಧ್ಯಯನದ ಪ್ರಕಾರ ಜೀವಂತ ಹವಳದ ಹೊದಿಕೆ 1998ರಲ್ಲಿ ಸುಮಾರು ಶೇ. 37 ಇದ್ದದ್ದು 2022ಕ್ಕೆ ಶೇ. 20ರ ಆಸುಪಾಸಿಗೆ ಇಳಿದಿದೆ. ಒಂದು ಬಿಸಿಗೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಪಾಚಿ ಮೇಯುವ ಮೀನುಗಳೂ ಇಲ್ಲವಾದರೆ ಚೇತರಿಕೆಯ ದಾರಿ ಮುಚ್ಚಿದಂತೆ.

ಬಂಡೆ ಹೋದರೆ ಏನಾಯಿತು ಎಂದು ಕೇಳುವವರಿದ್ದಾರೆ. ಮಳೆಗಾಲದ ಅಲೆಯನ್ನು ಮುರಿಯುವುದು ಅದೇ ಬಂಡೆ. ಹತ್ತು ಜನವಸತಿ ದ್ವೀಪಗಳೂ ಸೇರಿ ಅಲ್ಲಿನ 36 ದ್ವೀಪಗಳ ನೆಲವೆಲ್ಲ ಕೂಡಿದರೆ ಬರೀ 32 ಚದರ ಕಿ.ಮೀ. ಬಂಗಾರಂ ಬಳಿಯ ಪರಳಿ-1 ಎಂಬ ಜನರಿಲ್ಲದ ಪುಟ್ಟ ದ್ವೀಪ 1968ರಲ್ಲಿ ಭೂಪಟದಲ್ಲಿತ್ತು; ಈಗ ಪೂರ್ತಿ ಕೊಚ್ಚಿಹೋಗಿದೆ.

ನಿಮ್ಮ ಎರಡನೆಯ ಪ್ರಶ್ನೆ, ಅಲ್ಲಿನವರ ಹೊಟ್ಟೆಪಾಡಿನದು, ನ್ಯಾಯವಾದದ್ದೇ. ತೆಂಗು ಮತ್ತು ಮೀನನ್ನೇ ನಂಬಿದ ಊರಿನ ಯುವಕರಿಗೆ ಪ್ರವಾಸೋದ್ಯಮ ಬೇಕು. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿಬಂದ ಮೇಲೆ ಇಡೀ ದೇಶ ಲಕ್ಷದ್ವೀಪವನ್ನು ಹುಡುಕಿತು. ಅದೇ ವರ್ಷ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನವೂ ಶುರುವಾಯಿತು. "ಇನ್ನೊಂದು ಮಾಲ್ದೀವ್ಸ್ ಮಾಡೋಣ" ಎಂಬ ಮಾತು ಆಗಿನಿಂದ ಜೋರಾಗಿದೆ. ಇದನ್ನು ನಾನು ಒಪ್ಪಲಾರೆ. ಮಾಲ್ದೀವ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಜನರಿಲ್ಲದ ಒಂದೊಂದು ದ್ವೀಪವನ್ನು ಒಂದೊಂದು ರೆಸಾರ್ಟಿಗೆ ಬಿಟ್ಟುಕೊಡುವ ಪದ್ಧತಿ ಅಲ್ಲಿ ಸಾಧ್ಯವಾಯಿತು. ಲಕ್ಷದ್ವೀಪದಲ್ಲಿ 2011ರ ಜನಗಣತಿಯಂತೆಯೇ ಚದರ ಕಿ.ಮೀ.ಗೆ ಎರಡು ಸಾವಿರ ಜನ. ಕುಡಿಯುವ ನೀರು ಮರಳಿನಡಿ, ಉಪ್ಪುನೀರಿನ ಮೇಲೆ ತೇಲುವ ಮಳೆನೀರಿನ ತೆಳು ಪದರ. ಅಳತೆ ಮೀರಿ ಎತ್ತಿದರೆ ಬಾವಿಗೆ ಉಪ್ಪು ಏರುತ್ತದೆ, ಶೌಚದ ಗುಂಡಿ ಹೆಚ್ಚಿದರೆ ಕೊಳಕು ಅದೇ ಪದರಕ್ಕೆ ಇಳಿಯುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು, ದಿನಕ್ಕೆ ಒಂದು ಲಕ್ಷ ಲೀಟರ್. ಅದು ಊರಿನವರಿಗೆ ಕುಡಿಯಲು ಮತ್ತು ಅಡುಗೆಗೆಂದು ಮಾಡಿದ್ದು.

ಇದರಲ್ಲಿ ಕನ್ನಡಿಗರಿಗೂ ಪಾಲಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಜಲ್ಲಿ, ಸಿಮೆಂಟು, ತರಕಾರಿ ಹೊತ್ತ ಮಂಜಿಗಳು (ಸರಕಿನ ಹಡಗುಗಳು) ಇಂದಿಗೂ ಅತ್ತ ಹೋಗುತ್ತವೆ. ದ್ವೀಪದಲ್ಲಿ ಏಳುವ ಒಂದೊಂದು ಗೋಡೆಯೂ ಹೀಗೆ ಸಮುದ್ರ ದಾಟಿ ಹೋದದ್ದು. ಅಗತ್ತಿಯ ರೆಸಾರ್ಟೊಂದರ ಮೊಕದ್ದಮೆಯಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ತಜ್ಞರ ಸಮಿತಿಗೆ ಅಧ್ಯಕ್ಷರಾಗಿದ್ದವರು, ಮೊದಲು ಕರ್ನಾಟಕ ಹೈಕೋರ್ಟಿನಲ್ಲಿದ್ದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಒಂದೊಂದು ದ್ವೀಪವೂ ಎಷ್ಟು ಹೊರೆ ತಾಳೀತು ಎಂದು ಅಳೆದೇ ಮುಂದುವರಿಯಬೇಕೆಂಬ ದಾರಿಯನ್ನು ಆ ಸಮಿತಿ ಹಾಕಿಕೊಟ್ಟಿದೆ. ಹೊಸ ಯೋಜನೆ ಯಾವುದೇ ಬರಲಿ, ಸರ್ಕಾರ ಆ ದಾರಿ ಬಿಡಬಾರದು.

ಮಿತಿ ಹಾಕಿದರೆ ಉದ್ಯಮ ಸಾಯುತ್ತದೆ ಎನ್ನುವವರು ಥಾಯ್ಲೆಂಡಿನ ಮಾಯಾ ಬೇ ನೋಡಲಿ. ದಿನಕ್ಕೆ ಐದು ಸಾವಿರ ಜನ ಬಂದಿಳಿಯುತ್ತಿದ್ದ ಆ ಪುಟ್ಟ ಕೊಲ್ಲಿಯನ್ನು 2018ರ ಜೂನಿನಲ್ಲಿ ಮುಚ್ಚಿದರು. ಕರಿರೆಕ್ಕೆಯ ಶಾರ್ಕುಗಳು ಮರಳಿ ಬಂದವು. 2022ರ ಜನವರಿಯಲ್ಲಿ ತೆರೆದಾಗ ಜನರ ಸಂಖ್ಯೆಗೆ ಮಿತಿ ಬಂತು, ದೋಣಿಗಳು ಕೊಲ್ಲಿಯ ಒಳಗೆ ಬರುವಂತಿಲ್ಲ ಎಂಬ ನಿಯಮವೂ ಬಂತು. ಈಗಲೂ ವರ್ಷದಲ್ಲಿ ಕೆಲವು ವಾರ ಅದು ಮುಚ್ಚಿರುತ್ತದೆ. ಜನ ಹೋಗುವುದನ್ನು ಬಿಟ್ಟಿಲ್ಲ.

ಆದ್ದರಿಂದ ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ. ಪ್ರವೇಶ ಪರವಾನಗಿ ಬೇಕು, ಬೇಗ ಅರ್ಜಿ ಹಾಕಿ. ಲಗೂನಿನಲ್ಲಿ ಹವಳದ ಮೇಲೆ ನಿಲ್ಲಬೇಡಿ. ಉಸಿರು ಕಟ್ಟಿದಂತಾದರೆ ಬೆನ್ನ ಮೇಲೆ ಮಲಗಿ ತೇಲಿ. ದಡಕ್ಕೆ ಬಿದ್ದ ಸತ್ತ ಹವಳದ ತುಣುಕನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ತಂದ ಪ್ಲಾಸ್ಟಿಕ್ಕನ್ನು ವಾಪಸು ಹುಬ್ಬಳ್ಳಿಗೇ ತನ್ನಿ, ದ್ವೀಪದಲ್ಲಿ ಅದನ್ನು ಹಾಕಲು ನೆಲವಿಲ್ಲ. ದ್ವೀಪದವರೇ ನಡೆಸುವ ತಂಗುದಾಣ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಹಣ ಅಲ್ಲೇ ಉಳಿಯುತ್ತದೆ.

ಮುಂಗಡ ಕಟ್ಟುವ ಮೊದಲು ತಂಗುದಾಣದವರಿಗೆ ಫೋನ್ ಮಾಡಿ ಮೂರು ವಿಷಯ ವಿಚಾರಿಸಿ: ನೀರು ಎಲ್ಲಿಂದ ತರುತ್ತಾರೆ, ಶೌಚದ ನೀರು ಎಲ್ಲಿಗೆ ಹೋಗುತ್ತದೆ, ಅಡುಗೆಗೆ ಯಾವ ಮೀನು. ಆ ಕರೆಯನ್ನು ಮಗಳೇ ಮಾಡಲಿ. ಉತ್ತರ ಅವಳಿಗೆ ಒಪ್ಪಿಗೆಯಾಗದಿದ್ದರೆ ಬೇರೆ ಕಡೆ ವಿಚಾರಿಸಿ. ಡಿಸೆಂಬರಿಗೆ ಇನ್ನೂ ಸಮಯವಿದೆ.

– ಸಂಪಾದಕ