ತಂಗಿ, ಹೊರಡುವ ಮೊದಲು ರೊಟ್ಟಿ ಬಡಿಯಲು ಕಲಿ

ತಂಗಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮುಂದಿನ ತಿಂಗಳು ಗಂಡನ ಜೊತೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೀಯೆ. ಅಲ್ಲಿ ನಮ್ಮ ಊಟ ಸಿಗುತ್ತದೆಯೇ, ಇಡೀ ದಿನ ಹೇಗೆ ಕಳೆಯಲಿ, ಮನಸ್ಸು ಬಿಚ್ಚಿ ಮಾತನಾಡಲು ಯಾರಾದರೂ ಇರುತ್ತಾರೆಯೇ ಎಂದು ಕೇಳಿದ್ದೀಯೆ. ಕೊನೆಗೆ, ‘ಅಕ್ಕಾ, ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ನೂರು ಕಡಕ್ ರೊಟ್ಟಿ ಕಟ್ಟಿಕೊಂಡು ಹೋದರೆ ಎಷ್ಟು ದಿನ ಬಂದಾವು?’ ಎಂದಿದ್ದೀಯೆ. ನಾನು ಆ ಕೊನೆಯ ಮಾತನ್ನೇ ಮೊದಲು ಹಿಡಿಯುತ್ತೇನೆ.

ಇಬ್ಬರಿಗೆ ಒಂದು ತಿಂಗಳು ಬಂದಾವು. 2009ರಲ್ಲಿ ಅದೇ ಊರಿಗೆ ನಾನೂ ಹಾಗೆಯೇ ಕಟ್ಟಿಕೊಂಡು ಹೋಗಿದ್ದೆ. ಕೊನೆಯ ರೊಟ್ಟಿ ಮುರಿದ ದಿನ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ. ಹೊರಗೆ ಸಂಜೆ ಐದಕ್ಕೆಲ್ಲ ಕತ್ತಲು. ಮರುದಿನ ಭಾರತೀಯ ಅಂಗಡಿಯಿಂದ ಜೋಳದ ಹಿಟ್ಟು ತಂದೆ. ಬಡಿದ ರೊಟ್ಟಿಯೆಲ್ಲ ಅಂಚಿನಲ್ಲಿ ಸೀಳಿತು. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ, ಹಿಟ್ಟು ಹಳೆಯದಾದಷ್ಟೂ ಕಷ್ಟ. ಹಿಟ್ಟಿನ ನಡುವೆ ಕುದಿಯುವ ಎಸರು ಸುರಿದು, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು ಎಂದು ಅವ್ವ ಫೋನಿನಲ್ಲಿ ಹೇಳಿಕೊಟ್ಟಳು. ಚಿಕ್ಕಂದಿನಿಂದ ಕಣ್ಣೆದುರು ನಡೆದ ಕೆಲಸ ಅದು. ನಾನು ನೋಡಿದ್ದೆ, ಕಲಿತಿರಲಿಲ್ಲ. ಮೂರು ವಾರ ಹಿಡಿಯಿತು.

ಈಗ ರಜೆಯಲ್ಲಿ ಕಲಬುರಗಿಗೆ ಬಂದು ಅವ್ವನ ಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಬೆಳಗಿನ ಏಳು ಗಂಟೆ. ಎರಡೂ ಪಕ್ಕದ ಮನೆಗಳಿಂದ ರೊಟ್ಟಿ ಬಡಿಯುವ ಪಟಪಟ ಸದ್ದು. ಇಲ್ಲಿ ಅದು ಬೆಳಗಾಯಿತು ಎಂಬುದರ ಗುರುತು. ಅಲ್ಲಿ ಭಾನುವಾರ ಮೌನದ ದಿನ. ಅಂಗಡಿಗಳು ಮುಚ್ಚಿರುತ್ತವೆ, ಮನೆಯಲ್ಲಿ ಸದ್ದಾಗುವ ಕೆಲಸ ಮಾಡಬಾರದು. ಇದು ತಿಳಿಯದೆ ಒಂದು ಭಾನುವಾರ ರೊಟ್ಟಿ ಬಡಿದೆ. ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ನಾಚಿಕೆಯಾಯಿತು. ಸಂಜೆ ನಾಲ್ಕು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಿಡಿದು ಅವರ ಮನೆಗೆ ಹೋದೆ. ಬರುವ ಅರೆಬರೆ ಜರ್ಮನ್‌ನಲ್ಲಿ, ಆ ಸದ್ದು ಇದರದು ಎಂದು ತೋರಿಸಿದೆ. ಅವರು ತಿಂದರು, ಇನ್ನೊಂದು ಕೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ವಾರದ ರೊಟ್ಟಿ ಶನಿವಾರ ಮಧ್ಯಾಹ್ನ, ಅದರಲ್ಲಿ ಎರಡು ಅವರಿಗೆ. ಜರ್ಮನ್ ಭಾಷೆಯನ್ನು ನಾನು ತರಗತಿಯಲ್ಲಿ ಕಲಿತದ್ದಕ್ಕಿಂತ ಅವರ ಅಡುಗೆಮನೆಯ ಮೇಜಿನ ಮುಂದೆ ಕಲಿತದ್ದೇ ಹೆಚ್ಚು.

ನನ್ನ ದಿನ ಹೇಗಿರುತ್ತದೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ನಾನು ಅಲ್ಲಿ ಒಂದು ಶಿಶುವಿಹಾರದ ಅಡುಗೆಯವಳು. ಆಹಾರ ಮುಟ್ಟುವ ಕೆಲಸಕ್ಕೆ ಸೇರುವ ಮೊದಲು ಆರೋಗ್ಯ ಇಲಾಖೆಯ ತಿಳಿವಳಿಕೆ ಪಡೆದು ಪ್ರಮಾಣಪತ್ರ ತರಬೇಕು. ನಿನಗೂ ಅಂಥ ಕೆಲಸದ ಮನಸ್ಸಿದ್ದರೆ ಇದು ನೆನಪಿರಲಿ. ಅರವತ್ತು ಮಕ್ಕಳಿಗೆ ಮಧ್ಯಾಹ್ನದ ಊಟ. ವಾರಕ್ಕೊಮ್ಮೆ ಆ ಸೀಮೆಯ ಮನೆಮನೆಯ ಅಡುಗೆ: ನಮ್ಮ ಚನ್ನಂಗಿಯ ಜಾತಿಯ ಕಾಳನ್ನು ಬೇಯಿಸಿ, ಸ್ವಲ್ಪ ವಿನೆಗರ್ ಹುಳಿ ಬೆರೆಸಿ, ಮೊಟ್ಟೆ ಹಾಕಿ ಕಲಸಿದ ಗೋಧಿಯ, ದಪ್ಪ ಶಾವಿಗೆಯಂಥ ಸ್ಪೆಟ್ಸ್‌ಲೆ ಜೊತೆ ಬಡಿಸುವುದು. ಮೊದಲ ತುತ್ತಿಗೇ ಇದು ಬೇಳೆ ತಿಂದು ಬೆಳೆದವರ ಊರು ಎನಿಸಿತು. ನಾವು ತೊಗರಿಯ ಕಣಜದವರು, 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಬಂದಿದೆ. ಬೇಳೆಯ ಮೇಲೆ ಪ್ರೀತಿ ಇರುವವರ ನಡುವೆ ಪರಕೀಯಳು ಎನಿಸುವುದು ಕಡಿಮೆ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಲರ್ಜಿ ಉಂಟುಮಾಡುವ ಹದಿನಾಲ್ಕು ಪದಾರ್ಥಗಳ ಪಟ್ಟಿ ಯುರೋಪಿನ ಕಾನೂನಿನಲ್ಲಿದೆ. ನಮ್ಮ ಶೇಂಗಾ, ಎಳ್ಳು, ಸಾಸಿವೆ ಮೂರೂ ಅದರಲ್ಲಿವೆ. ಇವಿಲ್ಲದೆ ನಮ್ಮ ಚಟ್ನಿಯೂ ಇಲ್ಲ, ಒಗ್ಗರಣೆಯೂ ಇಲ್ಲ. ಆದ್ದರಿಂದ ಯಾರಿಗೇ ಕೊಟ್ಟರೂ, ಅದರಲ್ಲೂ ಮಕ್ಕಳಿಗೆ, ಏನೇನು ಹಾಕಿದೆ ಎಂದು ಹೇಳಿಯೇ ಕೊಡು.

ನಮ್ಮ ಹುಳಿ ಸೊಪ್ಪು ಪುಂಡಿ ಪಲ್ಯ ಸಿಗುವುದಿಲ್ಲ ಎಂದು ಕೊರಗಬೇಡ. ಏಪ್ರಿಲ್‌ನಿಂದ ಜೂನ್ 24ರವರೆಗೆ ರುಬಾರ್ಬ್ ಎಂಬ ಹುಳಿ ದಂಟು ಬರುತ್ತದೆ. ತೊಗರಿ ಬೇಳೆಯ ಜೊತೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ನಾಲಿಗೆಗೆ ಸಮಾಧಾನ. ಅದರ ಎಲೆ ವಿಷ, ದಂಟನ್ನು ಮಾತ್ರ ಬಳಸು. ಟರ್ಕಿಯವರ ಅಂಗಡಿಯಲ್ಲಿ ಬೇಸಿಗೆಯಲ್ಲಿ ಗೋಳಿ ಸೊಪ್ಪು ಕಟ್ಟುಕಟ್ಟಾಗಿ ಇರುತ್ತದೆ. ಸಣ್ಣ ಬದನೆಕಾಯಿ, ಹಸಿ ಮೆಣಸಿನಕಾಯಿ, ಕೊತ್ತಂಬರಿಯೂ ಅಲ್ಲಿಯೇ. ಅಲ್ಲಿನ ಬ್ರೆಡ್ಡನ್ನೂ ದೂರ ಇಡಬೇಡ. ಅಗಸಿ ಸೇರಿಸಿದ ಕಂದು ಬ್ರೆಡ್ಡಿಗೆ ಬೆಣ್ಣೆ ಸವರಿ ಗುರೆಳ್ಳು ಚಟ್ನಿ ಉದುರಿಸಿಕೊಂಡು ತಿಂದು ನೋಡು. ನನ್ನ ಮಗ ಶಾಲೆಗೆ ಕಟ್ಟಿಸಿಕೊಂಡು ಹೋಗುವುದು ಅದನ್ನೇ. ಅನ್ನ ಮೊಸರಿನಲ್ಲೇ ವರ್ಷಗಟ್ಟಲೆ ದಿನ ದೂಡುವ ನಮ್ಮವರನ್ನು ನೋಡಿದ್ದೇನೆ, ಸಂಕಟವಾಗುತ್ತದೆ.

ಮೊದಲ ಚಳಿಗಾಲ ಭಾರವಾಗಿರುತ್ತದೆ, ಸುಳ್ಳು ಹೇಳಲಾರೆ. ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಸಂಜೆ ನಾಲ್ಕೂವರೆ. ನಿನಗೆ ಮಾತು ಬೇಕೆನಿಸುವ ಹೊತ್ತಿಗೆ ನಿಮ್ಮ ಅವ್ವ ಮಲಗಿರುತ್ತಾಳೆ. ಆ ಹೊತ್ತಿಗೆ ನಮ್ಮ ಮನೆಗೆ ಬಾ. ನಾಲ್ಕಕ್ಕೆ ಕೆಲಸ ಮುಗಿಸಿ ಬಂದಿರುತ್ತೇನೆ, ಚಹಾ ಇಟ್ಟಿರುತ್ತೇನೆ.

ಸಾಮಾನು ಕಟ್ಟುವಾಗ ಕಬ್ಬಿಣದ ಹಂಚು ಮರೆಯಬೇಡ; ಅಲ್ಲಿನ ಗಾಜಿನ ಒಲೆಯ ಮೇಲೆ ಅದನ್ನು ಎಳೆಯಬಾರದು, ಎತ್ತಿಯೇ ಇಡಬೇಕು. ಚಟ್ನಿಪುಡಿಗಳು, ಖಾರದ ಪುಡಿ ಇರಲಿ. ತುಪ್ಪ, ಖೋವಾ, ಪೇಡೆ ಬೇಡ, ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಹಸಿ ಕರಿಬೇವು, ಬಿತ್ತುವ ಬೀಜವೂ ಬೇಡ. ಬೆಣ್ಣೆ ಅಲ್ಲಿ ಚೆನ್ನಾಗಿದೆ, ಮನೆಯಲ್ಲೇ ಕಾಯಿಸಿದರಾಯಿತು.

ನಾಡಿದ್ದು ಎಳ್ಳ ಅಮಾವಾಸ್ಯೆ. ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಊಟ ಮಾಡುತ್ತೇವೆ. ನೀನು ನಾಳೆ ಸಂಜೆಯೇ ಬಂದುಬಿಡು. ರೊಟ್ಟಿ ಬಡಿಯುವುದು ರಾತ್ರಿಯೇ ಶುರುವಾಗುತ್ತದೆ. ಅವ್ವನ ಪಕ್ಕದಲ್ಲಿ ಹಿಟ್ಟು ನಾದಲು ನಿನಗೊಂದು ಪರಾತ ಇಟ್ಟಿರುತ್ತೇನೆ.