ಆಗುಂಬೆ, ಕವಲೇದುರ್ಗಕ್ಕ ಹೊಂಟವ್ರಿಗಿ: ಜೀನ್ಸ್ ಬ್ಯಾಡ್ರಿ, ಒಂದು ದಿನಕ್ಕ ಮೂರು ಜಾಗಾನೂ ಬ್ಯಾಡ್ರಿ

ತಮ್ಮಾ, ನಿಮ್ಮ ಪೋಸ್ಟ್ ಮುಂಜಾನಿ ಓದಿದೆ, ಸಂಜಿತನಕ ತಲ್ಯಾಗೇ ಕುಂತದ. ಜುಲೈ ಎರಡನೇ ವಾರ, ಎಂಟು ಮಂದಿ, ಅದ್ರಾಗ ಇಬ್ಬರು ಸಣ್ಣ ಮಕ್ಕಳು, ಅರವತ್ತು ದಾಟಿದ ಅವ್ವಾರು. ಒಂದೇ ದಿನದಾಗ ಕವಲೇದುರ್ಗದ ಕೋಟಿ, ಕುಂದಾದ್ರಿ ಗುಡ್ಡ, ಜೋಗಿಗುಂಡಿ ಜಲಪಾತ ಮೂರೂ. ಎಲ್ಲಾರಿಗೂ ಹೊಸಾ ಸ್ಪೋರ್ಟ್ಸ್ ಶೂ ತಗೊಂಡೀವಿ, ಜೀನ್ಸ್ ಗಟ್ಟಿ ಇರ್ತದ, ಮುಳ್ಳು ಹತ್ತಂಗಿಲ್ಲ ಅಂತ ಬರದೀರಿ. ಕೆಳಗ ಹತ್ತು ಜನ ‘ಸೂಪರ್ ಪ್ಲಾನ್’ ಅಂತ ಹಾಕ್ಯಾರ. ನಾ ಹಂಗ ಹಾಕಲಾರೆ. ಇದೇ ತಿಂಗಳು, ಇದೇ ಜೀನ್ಸು, ಇದೇ ಮೂರು ಜಾಗ, ಎಲ್ಲಾ ನಾನೂ ಮಾಡೀನಿ.

ಮೊದಲ ತಪ್ಪು ಕಿಲೋಮೀಟರ್ ಲೆಕ್ಕದಾಗ ಅದ. ಕವಲೇದುರ್ಗ ಹೋಗಿ ಬರೋದು ನಾಲ್ಕೈದು ಕಿಲೋಮೀಟರ್, ನಮ್ಮ ಕಲಬುರಗಿ ಅಪ್ಪನ ಕೆರಿ ಸುತ್ತ ದಿನಾ ಅಷ್ಟು ನಡೀತೀನಿ ಅಂತ ನಾನೂ ಅನ್ಕೊಂಡಿದ್ದೆ. ಕಲಬುರಗಿಗಿ ವರ್ಷಪೂರ್ತಿ ಬೀಳೋ ಮಳಿ 800 ಮಿಲಿಮೀಟರ್ ಆಸುಪಾಸು. ಆಗುಂಬೆಗಿ 7,000 ದಾಟ್ತದ. ನಮ್ಮ ಎರಡು ವರ್ಷದ ಮಳಿ ಅಲ್ಲಿ ಜುಲೈ ಒಂದೇ ತಿಂಗಳದಾಗ ಸುರಿತದ. ಆ ನೀರು ಹರಿಯೋದು ನೀವು ನಡಿಯೋ ದಾರಿ ಮ್ಯಾಲೇ. ಯೂಟ್ಯೂಬ್‌ನವ್ರು ‘ಈಸಿ ಟ್ರೆಕ್’ ಅಂತ ತೋರಿಸೋದು ಡಿಸೆಂಬರ್‌ದಾಗ, ಒಣಾ ಕಲ್ಲಿನ ಮ್ಯಾಲ ನಡದದ್ದು.

ನಾವು ಹೋದಾಗ ರಾತ್ರಿಯೆಲ್ಲಾ ಬಸ್‌ನಾಗ ಕುಂತು ಶಿವಮೊಗ್ಗದಾಗ ಇಳಿದು, ಅದೇ ದಿನ ಗಾಡಿ ಮಾಡ್ಕೊಂಡು ತೀರ್ಥಹಳ್ಳಿ ಮ್ಯಾಲಿಂದ ಕವಲೇದುರ್ಗದ ಬುಡಕ್ಕ ಮುಟ್ಟಿದಾಗ ಹನ್ನೊಂದು ದಾಟಿತ್ತು. ಗದ್ದಿ ಬದುವಿನ ಮ್ಯಾಲ ನಡಿಯೋದು, ಆಮ್ಯಾಲ ಕೆಳದಿ ನಾಯಕರ ಕಾಲದ ಕಲ್ಲು ಹಾಸಿದ ದಾರಿ. ಹತ್ತೋದು ಛಲೋನೇ ಆಯ್ತು. ಒಂದೊಂದು ಬಾಗಿಲು ದಾಟಿ ಕಾಶಿ ವಿಶ್ವನಾಥನ ಗುಡಿ, ಅರಮನಿ ಅಡಿಪಾಯ, ಕಲ್ಲಿನ ಒಲಿ ಎಲ್ಲಾ ನೋಡಿ, ಮ್ಯಾಲಿನ ಗುಡಿ ಮುಟ್ಟಿದ್ರ ಸುತ್ತ ಬರೇ ಬಿಳಿ ಮಂಜು. ಅಲ್ಲಿಂದ ವಾರಾಹಿ ಹಿನ್ನೀರು ಕಾಣ್ತದ ಅಂತಾರ, ನಮಗ ಒಬ್ಬರ ಮುಖ ಒಬ್ಬರಿಗಿ ಕಂಡಿದ್ದೇ ಹೆಚ್ಚು.

ಇಳಿಯೋವಾಗ ಮಳಿ ಹಿಡೀತು. ಬಾಗಿಲ ಅಗಲದ ಒಂದು ಹಾಸುಗಲ್ಲು, ಮ್ಯಾಲ ತೆಳು ಹಸಿರು ಪಾಚಿ, ಕಣ್ಣಿಗಿ ಕಾಣಂಗೇ ಇಲ್ಲ. ಬಲಗಾಲು ಇಟ್ಟೆ, ಕಲ್ಲು ಕಾಲ ಕೆಳಗ ಇರಲೇ ಇಲ್ಲ. ಮೊಣಕಾಲು ಅಂಚಿಗಿ ಬಡೀತು. ಏಳಾಕ ಹೋದ್ರ ತೊಯ್ದ ಜೀನ್ಸ್ ತೊಡಿಗಿ ಅಂಟಿ ಕಾಲು ಮಡಚಾಕ ಬರವಲ್ದು. ನಮ್ಮ ಮಾವನ ಮಗ ಹೆಗಲು ಕೊಟ್ಟು ಇಳಿಸಿದ. ಮುಕ್ಕಾಲು ತಾಸಿನ ಇಳಿಜಾರಿಗಿ ಮೂರು ತಾಸು ಹಿಡೀತು. ಅಷ್ಟೊತ್ತೂ ಮಕ್ಕಳು ಮಳ್ಯಾಗೇ ನಿಂತಿದ್ರು. ನಮ್ಮ ಅಕ್ಕನ ಮಗ ಒಂಬತ್ತು ವರ್ಷದವ, ತುಟಿ ನೀಲಿ ಆಗಿತ್ತು. ಕೆಳಗ ಮುಟ್ಟಿ ಅವನ ಜೀನ್ಸ್ ಮ್ಯಾಲ ಸರಸಬೇಕಂದ್ರ ಸರಿವಲ್ದು, ಒಳಗ ಇಂಬಳ, ಅಂದ್ರ ಕಾಡಿನ ಜಿಗಣಿ, ಹತ್ಯಾವ. ಬಿಚ್ಚಿ ನೋಡಿದ್ರ ಏಳು. ಯಾರೋ ಕಡ್ಡಿ ಗೀರಿ ಸುಡ್ರಿ ಅಂದ್ರು, ಸುಟ್ಟೆ. ಆ ಗಾಯ ಕೀವಾಗಿ ಹದಿನೈದು ದಿನ ಆ ಹುಡುಗ ರಾತ್ರಿ ಮಲಗಲಿಲ್ಲ. ಅದು ನನ್ನ ಕೈಯಾರೆ ಆಗಿದ್ದು.

ಅದಕ್ಕ ಇಂಬಳದ ಬಗ್ಗೆ ಉದ್ದಕ ಹೇಳ್ತೀನಿ. ನಮ್ಮ ಕೆರ್ಯಾಗಿನ ಜಿಗಣಿ ಬ್ಯಾರೆ, ಇದು ನೆಲದ ಮ್ಯಾಲಿಂದು. ಹೊಲಿಗಿ ದಾರದಷ್ಟು ಸಣ್ಣಗ, ಕೊಳೆತ ಎಲಿ ಅಂಚಿನ ಮ್ಯಾಲ ಹಿಂಬದಿ ಊರಿ ಸೂಜಿ ಹಂಗ ನೆಟ್ಟಗ ನಿಂತು ತಲಿ ಆಡಿಸ್ತಿರ್ತದ. ನೀವು ಉಸಿರು ಬಿಟ್ರ ನಿಮ್ಮ ಕಡಿ ಹೊಳ್ಳತದ. ಶೂ ಮ್ಯಾಲ ಬಂದ್ರ ಗೇಣು ಅಳತಿ ಹಾಕಿದಂಗ ಮಡಚಿ ಬಿಚ್ಚಿ ಏರ್ತದ, ಲೇಸ್ ತೂತಿನಾಗ ನುಗ್ತದ. ಕಚ್ಚಿದ್ದು ಗೊತ್ತೇ ಆಗಂಗಿಲ್ಲ. ರಕ್ತ ಹೆಪ್ಪುಗಟ್ಟದ ಹಂಗ ಮಾಡೋದೊಂದು ರಸ ಬಿಡ್ತದ, ಅದಕ್ಕ ಬಿದ್ದಮ್ಯಾಲೂ ತಾಸುಗಟ್ಟಲೆ ಸೋರ್ತದ. ಹೆದರಬ್ಯಾಡ್ರಿ, ಹತ್ತಿ ಒತ್ತಿ ಪಟ್ಟಿ ಕಟ್ರಿ.

ತೆಗಿಯೋದು ಹಿಂಗ: ಸಣ್ಣ ತುದಿ ಬಾಯಿ. ಅದ್ರ ಪಕ್ಕ ಚರ್ಮಕ್ಕ ಉಗುರು ಹಚ್ಚಿ ಅಡ್ಡ ಸರಸ್ರಿ, ಆಮ್ಯಾಲ ದಪ್ಪ ತುದಿ ಬಿಡಸ್ರಿ, ದೂರ ಚಿಮ್ಮಿಸ್ರಿ. ಹಿಡಿದು ಜಗ್ಗಬ್ಯಾಡ್ರಿ. ಉಪ್ಪು, ಬೆಂಕಿ ಹಚ್ಚಿದ್ರ ಹೊಟ್ಟ್ಯಾಗಿಂದು ಗಾಯದಾಗೇ ಕಾರ್ತದ. ಉಪ್ಪಿನ ಗಂಟು ಒಯ್ರಿ, ಆದ್ರ ಶೂ ಮ್ಯಾಲ ಏರೋದ್ರ ಮ್ಯಾಲ ಉದುರಸಾಕ ಅಷ್ಟೇ.

ಹತ್ತದ ಹಂಗ ನೋಡ್ಕೊಳ್ಳೋದು ಇನ್ನೂ ಛಲೋ. ನಂದು ನಾಲ್ಕು ಸಲದಾಗ ಪಕ್ಕಾ ಆದ ಪದ್ಧತಿ: ಮೊಣಕಾಲುತನಕ ಬರೋ ಫುಟ್‌ಬಾಲ್ ಸಾಕ್ಸ್, ಒತ್ತು ನೇಯ್ಗಿದು. ತೆಳು ಟ್ರ್ಯಾಕ್ ಪ್ಯಾಂಟ್ ಅದ್ರ ಒಳಗ ತುರುಕಬೇಕು, ಹೊರಗ ಬಿಡಬಾರದು. ಸಾಕ್ಸ್ ಹೊರಗ ಕೊಬ್ಬರಿ ಎಣ್ಣ್ಯಾಗ ಕಲಸಿದ ತಂಬಾಕು ಪುಡಿ, ಚೂರು ಸುಣ್ಣ ಸವರಬೇಕು. ಮಲೆನಾಡಿನ ಮಂದಿ ಮಾಡೋದು ಇದೇ. ಆದ್ರ ದೊಡ್ಡವರಿಗಿ ಮಾತ್ರ. ಮಕ್ಕಳ ಚರ್ಮಕ್ಕ ತೊಯ್ದ ತಂಬಾಕು ತಾಕಿದ್ರ ವಾಂತಿ, ತಲಿ ಸುತ್ತು ಬರ್ತದ, ಸುಣ್ಣ ಸುಡ್ತದ. ಮಕ್ಕಳ ಸಾಕ್ಸಿಗಿ ಒಣಾ ಮೈ ಸಾಬೂನು ತಿಕ್ಕಿದ್ರ ಸಾಕು, ಮಳ್ಯಾಗ ತೊಳದು ಹೋಗ್ತದ, ತಾಸಿಗೊಮ್ಮೆ ಮತ್ತ ತಿಕ್ಕಬೇಕು. ಓಡೋಮಾಸ್ ಸೊಳ್ಳಿಗಿ ಛಲೋ, ಆ ಮಳ್ಯಾಗ ಇಂಬಳಕ್ಕ ನೆಚ್ಚಬ್ಯಾಡ್ರಿ. ಎಲ್ಲಕ್ಕಿಂತ ದೊಡ್ಡದು, ನಿಲ್ಲಬಾರದು. ಫೋಟೋ ತೆಗಿಯಾಕ ಎಲಿ ಕಸದಾಗ ನಿಂತವ್ರಿಗೇ ಹೆಚ್ಚು ಹತ್ತೋದು. ನಿಲ್ಲೋದಾದ್ರ ಬೋಳು ಬಂಡೆಗಲ್ಲಿನ ಮ್ಯಾಲ.

ಇನ್ನ ಶೂ. ನಾ ಅವತ್ತು ಹಾಕಿದ್ದು ದೊಡ್ಡ ಹೆಸರಿನ ರನ್ನಿಂಗ್ ಶೂ, ಹೆಸರು ಬ್ಯಾಡ, ರೊಕ್ಕ ನಾಲ್ಕು ಸಾವಿರ. ಕೆಳಗಿನ ಮೆತ್ತನ್ನ ಫೋಮ್ ನಮ್ಮ ಡಾಂಬರಿಗಿ ಆಗ್ತದ, ಪಾಚಿ ಕಲ್ಲಿಗಿ ಆಗಂಗಿಲ್ಲ. ಈಗ ನಾ ಹಾಕೋದು ಡೆಕಾಥ್ಲಾನ್‌ನ ಕೆಚುವಾ, ಆಳ ಹಲ್ಲಿನ ರಬ್ಬರ್ ತಳ. ರೊಕ್ಕ ಹಾಕೋದು ಬ್ಯಾಡಂದ್ರ ಮಾರ್ಕೆಟ್‌ನಾಗ ಸಿಗೋ ಹಸಿರು ಕ್ಯಾನ್ವಾಸ್ ಹಂಟರ್ ಶೂ ತಗೋರಿ, ನೀರು ಹೊಕ್ಕರೂ ಬೇಗ ಹೊರಗ ಹೋಗ್ತದ. ‘ವಾಟರ್‌ಪ್ರೂಫ್’ ಅಂತ ಮೋಸ ಹೋಗಬ್ಯಾಡ್ರಿ, ಹಳ್ಳ ದಾಟೋವಾಗ ಮ್ಯಾಲಿಂದ ನೀರು ಹೊಕ್ಕರ ಅದೇ ಬಕೆಟ್ ಆಗ್ತದ. ಯಾವ್ದಾದ್ರೂ ಇರ್ಲಿ, ಹದಿನೈದು ದಿನ ಮೊದಲು ಹಾಕಿ ನಡೀರಿ. ಹೊಸಾ ಶೂ ತೊಯ್ದರ ಹಿಮ್ಮಡಿ ಬೊಬ್ಬಿ ಗ್ಯಾರಂಟಿ.

ಪಾಚಿ ಕಲ್ಲಿಗಿ ಒಂದು ಉಪಾಯ, ಬರಕೊಂಡು ಇಡ್ರಿ: ಇಳಿಯೋವಾಗ ಶೂ ಮ್ಯಾಲಿಂದ ಹಳೇ ಹತ್ತಿ ಇಲ್ಲಾ ಉಣ್ಣಿ ಸಾಕ್ಸ್ ಏರಸ್ರಿ. ನೋಡಾಕ ಹೆಂಗಾದ್ರೂ ಇರ್ಲಿ, ನೇಯ್ಗಿ ಪಾಚಿ ಹಿಡಕೋತದ. ಮಣ್ಣಿನ ಇಳಿಜಾರಿಗಿ ಮಾತ್ರ ತೆಗೀರಿ, ಕೆಸರು ತುಂಬಿ ಇನ್ನೂ ಜಾರ್ತದ. ಅವ್ವಾರಿಗಿ ಕೈಯಾಗ ಕೋಲು ಬೇಕೇ ಬೇಕು, ಮೊದಲು ಕೋಲು, ಆಮ್ಯಾಲ ಕಾಲು. ಆಸರಕ್ಕ ಅಂತ ಗಿಡದ ಟೊಂಗಿ, ಕಲ್ಲಿನ ಸಂದಿ ನೋಡದ ಹಿಡಿಬ್ಯಾಡ್ರಿ. ಮಳಿಗಾಲದಾಗ ಗುಳಿಮಂಡಲ ಹಾವು ಟೊಂಗಿ ಮ್ಯಾಲ ಎಲಿ ಬಣ್ಣದಾಗೇ ಅಲುಗಾಡದ ಕುಂತಿರ್ತದ.

ಜೀನ್ಸ್ ಮನ್ಯಾಗೇ ಬಿಡ್ರಿ. ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್, ಪಾಲಿಯೆಸ್ಟರ್ ಟೀ ಶರ್ಟ್. ಮಳಿಗಿ ಡಕ್‌ಬ್ಯಾಕ್ ಕೋಟು ನಂದು ಹನ್ನೆರಡು ವರ್ಷ ಆಯ್ತು, ಇನ್ನೂ ಅದ. ಆದ್ರ ಏರೋವಾಗ ಅದ್ರೊಳಗ ಬೆವತು ತೊಯ್ತೀರಿ, ಅದಕ್ಕ ಏರೋವಾಗ ಛತ್ರಿ, ಇಳಿಯೋವಾಗ ಕೋಟು. ಬ್ಯಾಗ್ ಒಳಗ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದ್ರಾಗ ಒಂದು ಜೋಡಿ ಒಣಾ ಬಟ್ಟಿ ಮಕ್ಕಳಿಗಿ ಇರಲೇಬೇಕು. ಬ್ಯಾಗಿನ ಮ್ಯಾಲ ಹಾಕೋ ಕವರ್ ನೆಚ್ಚಬ್ಯಾಡ್ರಿ, ಬೆನ್ನಿನ ಕಡಿಂದ ನೀರು ಇಳಿತದ.

ಜಾಗದ ಮಾತು. ನನ್ನ ಕೇಳಿದ್ರ ಜುಲೈ ಬಿಟ್ಟು ದಸರಾ ರಜಾದಾಗ ಹೋಗ್ರಿ. ಹಳ್ಳ ತುಂಬಿರ್ತಾವ, ಮಳಿ ಇಳಿದಿರ್ತದ, ಶಾಲಿನೂ ತಪ್ಪಂಗಿಲ್ಲ. ಬ್ಯಾಸಿಗಿಗಿ ದೂಡಬ್ಯಾಡ್ರಿ. ಇಂಬಳ ಹೋದಮ್ಯಾಲ ಉಣುಗು ಶುರು ಆಗ್ತಾವ, ಮಂಗನ ಕಾಯಿಲಿ ಹರಡೋದು ಅದ್ರಿಂದನೇ. 1957ರಾಗ ಸೊರಬದ ಕ್ಯಾಸನೂರು ಕಾಡಿನಾಗ ಮೊದಲು ಸಿಕ್ಕ ರೋಗ, ಶಿವಮೊಗ್ಗ ಜಿಲ್ಲ್ಯಾಗ ಡಿಸೆಂಬರ್‌ದಿಂದ ಮೇ ತನಕ ಜೋರು. ಆ ದಿನದಾಗ ಹೋದವ್ರು ಒಣ ಎಲಿ ಮ್ಯಾಲ ಕುಂಡ್ರಬ್ಯಾಡ್ರಿ, ಸತ್ತ ಮಂಗ ಕಂಡ್ರ ಹತ್ರ ಹೋಗದ ಅಲ್ಲಿನ ಆಸ್ಪತ್ರಿಗಿ ತಿಳಸ್ರಿ. ಕಾಡಿಂದ ಬಂದಕೂಡ್ಲೆ ಬಿಸಿನೀರು ಸಾಬೂನು ಹಚ್ಚಿ ಜಳಕ ಮಾಡ್ರಿ. ಊರಿಗಿ ಬಂದಮ್ಯಾಲ ಜ್ವರ ಬಂದ್ರ ಡಾಕ್ಟರಿಗಿ ಮಲೆನಾಡಿಗಿ ಹೋಗಿದ್ದು ಹೇಳಬೇಕು. ನಮ್ಮ ಕಡಿ ಡಾಕ್ಟರು ತಾವಾಗೇ ಅದನ್ನ ಕೇಳಂಗಿಲ್ಲ.

ಜುಲೈನಾಗೇ ಟಿಕೆಟ್ ಆಗ್ಯದ ಅಂದ್ರ, ಇಳಿದ ದಿನ ಏನೂ ಹತ್ತಬ್ಯಾಡ್ರಿ, ಮಲಗ್ರಿ. ಮರುದಿನ ಮುಂಜಾನಿ ಏಳಕ್ಕ ಕವಲೇದುರ್ಗ ಶುರು ಮಾಡ್ರಿ, ಹನ್ನೊಂದಕ್ಕ ಕೆಳಗ ಇರಬೇಕು. ಅವತ್ತಿಗಿ ಅದೊಂದೇ. ಕುಂದಾದ್ರಿ ಮರುದಿನಕ್ಕ ಇಡ್ರಿ, ಅಲ್ಲಿ ಮ್ಯಾಲಿನತನಕ ಗಾಡಿ ರಸ್ತಾ ಅದ, ಆಮ್ಯಾಲ ಮೆಟ್ಟಲು, ಪಾರ್ಶ್ವನಾಥರ ಬಸದಿ, ಪಕ್ಕ ಕೊಳ. ಅವ್ವಾರಿಗಿ ಹೇಳಿ ಮಾಡಿಸಿದ ಜಾಗ. ರಸ್ತಾ ಕಡಿದು, ಮಂಜಿನಾಗ ತಿರುವು ಕಾಣಂಗಿಲ್ಲ, ಅಲ್ಲಿನ ಡ್ರೈವರ್‌ನೇ ತಗೋರಿ. ಜೋಗಿಗುಂಡಿ ನಡಿಗಿ ಸಣ್ಣದು, ನೀರಿಗಿ ಮಾತ್ರ ಇಳಿಬ್ಯಾಡ್ರಿ, ಮ್ಯಾಲ ಮಳಿ ಆದ್ರ ಗುಂಡ್ಯಾಗ ಒಮ್ಮೆಲೆ ಏರ್ತದ. ಒನಕೆ ಅಬ್ಬಿ, ಬರ್ಕಣ ಜಲಪಾತ ಮಳಿಗಾಲದಾಗ ಕೇಳಾಕೂ ಹೋಗಬ್ಯಾಡ್ರಿ. ‘ನೂರು ರೂಪಾಯಿ ಕೊಡ್ರಿ, ಹಿಂದಿನ ದಾರಿಲೆ ಕರಕೊಂಡು ಹೋಗ್ತೀನಿ’ ಅನ್ನೋ ಹುಡುಗರು ಸಿಗ್ತಾರ. ಅದು ಕಾಳಿಂಗ ಸರ್ಪ ಇರೋ ಕಾಡು, ಅನುಮತಿ ಇಲ್ಲದ ಒಳಗ ಸಿಕ್ಕರ ಕೇಸೂ ಆಗ್ತದ.

ನಿಮ್ಮ ಪೋಸ್ಟ್ ಕೆಳಗ ಒಬ್ಬರು ಕುಮಾರ ಪರ್ವತ ಸೇರಿಸ್ರಿ, ಇನ್ನೊಬ್ಬರು ಕುದುರೆಮುಖ ಅಂದಾರ. ಮಕ್ಕಳು ಅದಾವ ಅಂತ ಓದಿ ಹೇಳ್ತೀರಾ, ಓದದೇ ಹೇಳ್ತೀರಾ? ಕುಮಾರ ಪರ್ವತ 1,712 ಮೀಟರ್, ಗಟ್ಟಿ ಇದ್ದವ್ರಿಗೇ ಮೊಣಕಾಲು ನಡುಗ್ತಾವ. 2024ರ ಜನವರಿಯಾಗ ಅಲ್ಲಿ ಜಾತ್ರಿ ಹಂಗ ಮಂದಿ ಸೇರಿದಮ್ಯಾಲ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡ್ತು. ಕುದುರೆಮುಖ ಶಿಖರ ಮುಳ್ಳೋಡಿಯಿಂದ ಹೋಗಿ ಬರೋದು ಇಪ್ಪತ್ತು ಕಿಲೋಮೀಟರ್ ಹತ್ರ. ಎರಡೂ ಸರಳ ಅಲ್ಲ. ಎಲ್ಲಿಗೇ ಹೋದ್ರೂ ಹಿಂದಿನ ದಿನ ದಾರಿ ತೆರೆದದೋ ಇಲ್ಲೋ ಕೇಳ್ರಿ, ಮಳಿ ಜೋರಾದ್ರ ಮುಚ್ತಾರ.

ಹೋಗೋಕಿಂತ ಮೊದಲು ಎರಡು ಭಾನುವಾರ ಯಾದಗಿರಿ ಕೋಟಿ ಹತ್ತಿ ಇಳೀರಿ, ಅದೇ ಶೂ, ಅದೇ ಬ್ಯಾಗು. ಮಳಿ ಬಿದ್ದ ದಿನ ಚಿಂಚೋಳಿ ಕಡಿ ಕುಂಚಾವರಂ ಕಾಡಿಗಿ, ಎತ್ತಿಪೋತ ಜಲಪಾತಕ್ಕ ಹೋಗಿ ಬರ್ರಿ. ಮಲೆನಾಡಿನಷ್ಟು ಜಾರಂಗಿಲ್ಲ, ಆದ್ರ ಮಕ್ಕಳು ತೊಯ್ದ ಬಟ್ಟ್ಯಾಗ ಎಷ್ಟು ಹೊತ್ತು ತಡೀತಾರ ಅಂತ ನಿಮಗ ಗೊತ್ತಾಗ್ತದ.

ಊಟಕ್ಕ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯೋದಾದ್ರ ಸ್ಟೀಲ್ ಡಬ್ಬಿ ಸಾಲಂಗಿಲ್ಲ. ನಮ್ಮ ಮನ್ಯಾಗ ತಿಂಗಳು ಇರೋ ರೊಟ್ಟಿ ಅಲ್ಲಿ ಒಂದೇ ರಾತ್ರಿಗಿ ಅರಬಿ ಹಂಗ ಮೆತ್ತಗ ಆಗ್ತದ. ಐದೈದು ರೊಟ್ಟಿ ಬ್ಯಾರೆ ಬ್ಯಾರೆ ಪ್ಲಾಸ್ಟಿಕ್‌ನಾಗ ಬಿಗಿ ಕಟ್ರಿ, ಆ ಹೊತ್ತಿಗಿ ಬೇಕಾದಷ್ಟೇ ಬಿಚ್ರಿ, ಪ್ಲಾಸ್ಟಿಕ್ ತಿರುಗಿ ತರ್ರಿ. ಎಲೆಕ್ಟ್ರಾಲ್ (ಓಆರ್‌ಎಸ್ ಪುಡಿ) ಇರ್ಲಿ, ಮಳ್ಯಾಗ ಬೆವರು ಗೊತ್ತಾಗಂಗಿಲ್ಲ, ನೀರು ಕುಡಿಯೋದೂ ನೆನಪಾಗಂಗಿಲ್ಲ.

ಮಕ್ಕಳ ಅಳತಿ ಉದ್ದನ್ನ ಸಾಕ್ಸ್ ನನ್ನ ಕಡಿ ಎರಡು ಜೋಡಿ ಅವ, ಅಕ್ಕನ ಮಗ ಈಗ ದೊಡ್ಡವ ಆಗ್ಯಾನ. ಜೇವರ್ಗಿ ರಸ್ತಾ ಕಡಿ ಬಂದಾಗ ಇನ್‌ಬಾಕ್ಸ್‌ನಾಗ ಹೇಳ್ರಿ, ಒಯ್ರಿ. ವಾಪಸ್ ಕೊಡೋವಾಗ ಬಿಸಿಲಿಗಿ ಒಣಗಿಸಿ ಕೊಟ್ರ ಸಾಕು.