ಟೈಮ್ ಕೊಟ್ಟು ಬಾಗಿಲು ತೆಗೆಯದ ಗಿರಾಕಿಗಳಿಗೆ ದಂಡ ಹಾಕ್ಬಹುದಾ?

ಕಾರವಾರದಲ್ಲಿ ಎಸಿ ಸರ್ವಿಸ್ ಮಾಡ್ತೀರಿ, ಟೈಮ್ ಕೊಟ್ಟವ್ರು ಮನೆಯಲ್ಲೇ ಇರೋದಿಲ್ಲ, ಮಲ್ಲಾಪುರದ ಒಂದು ಮನೆಯವ್ರಂತೂ ಎರಡು ಸಲ ಹೀಗೆ ಮಾಡಿದ್ರು, ಅಡ್ವಾನ್ಸ್ ತಗೊಳ್ಲಾ ದಂಡ ಹಾಕ್ಲಾ ಅಂತ ಕೇಳಿದ್ದೀರಿ. ಓದ್ತಾ ಇದ್ದ ಹಾಗೇ ನಂಗೆ 2019ರ ಮೇ ತಿಂಗಳು ನೆನಪಾಯ್ತು.

ನಂದು ಶಿರಸಿ, ಇನ್ವರ್ಟರ್ ಬ್ಯಾಟರಿ ಸರ್ವಿಸ್. ಆಗ ಸ್ವಂತ ಕೆಲಸ ಶುರು ಮಾಡಿ ಎರಡೇ ವರ್ಷ. ನಮ್ಮಲ್ಲಿ ಮಳೆ ಹಿಡೀತು ಅಂದ್ರೆ ಹಳ್ಳಿ ಕಡೆ ಕರೆಂಟು ಹೋಗಿದ್ದು ಎರಡು ಮೂರು ದಿನ ಬರೋದಿಲ್ಲ, ಹಾಗಾಗಿ ಮೇ ಮುಗಿಯೋದ್ರೊಳಗೆ ಎಲ್ಲ ಮನೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಟರ್ಮಿನಲ್ ತಿಕ್ಕಿ ವ್ಯಾಸಲೀನ್ ಹಚ್ಚಿ ಮುಗಿಸ್ಬೇಕು. ಬನವಾಸಿ ರಸ್ತೆಯಿಂದ ಒಳಗೆ ಹೋದ್ರೆ ಒಂದು ಕೇರಿ, 9 ಮನೆ, ಒಂಬತ್ತೂ ನನ್ನ ಗಿರಾಕಿಗಳು. ಅದ್ರಲ್ಲಿ ಮೊದಲ್ನೇ ಮನೆಯ ಮಗ ಬೆಂಗಳೂರಲ್ಲಿ. ಅವ್ನೇ ವಾಟ್ಸಾಪಲ್ಲಿ ಬುಕ್ ಮಾಡೋದು, ಅವ್ನೇ ದುಡ್ಡು ಕಳ್ಸೋದು. ಬೆಳಿಗ್ಗೆ 10ಕ್ಕೆ ಬನ್ನಿ ಅಂದಿದ್ದ.

ಸ್ಕೂಟರ್ ಮುಂದೆ 5 ಲೀಟರಿನ ಎರಡು ಕ್ಯಾನ್ ಇಟ್ಕೊಂಡು ಹೋದ್ರೆ ಬಾಗಿಲಿಗೆ ಚಿಲಕ ಹಾಕಿತ್ತು. ಅದು ಎರಡನೇ ಸಲ. ಮಗಂಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸಿಟ್ಟು ನೆತ್ತಿಗೇರಿತ್ತು, ಅಂಗಳದಲ್ಲೇ ನಿಂತು ಒಂದು ವಾಯ್ಸ್ ಮೆಸೇಜ್ ಬಿಟ್ಟೆ, ನಿಮ್ಮ ಅಪ್ಪ ಅಮ್ಮಂಗೆ ದುಡಿಯೋರ ಟೈಮಿಗೆ ಬೆಲೆ ಇಲ್ಲ ಅಂದ್ರೆ ಆ ಮನೆ ಕೆಲಸ ನಂಗೂ ಬೇಡ ಅಂತ.

ನೀವು ಅಂದ್ಕೊಳ್ಬಹುದು ಸಿಟ್ಟು ಮಾಡಿದ್ದೇ ತಪ್ಪು ಅಂತ. ಅಲ್ಲ ಮಾರಾಯ್ರೆ, ಪೆಟ್ರೋಲ್ ಸುಟ್ಟು ಹೋದವಂಗೆ ಸಿಟ್ಟು ಬಂದೇ ಬರ್ತದೆ. ತಪ್ಪು ಎಂತದು ಅಂದ್ರೆ, ನಾನು ಬರ್ತೇನೆ ಅಂತ ಆ ಮನೆಯಲ್ಲಿ ಇರೋರಿಗೆ ಯಾರೂ ಹೇಳೇ ಇರ್ಲಿಲ್ಲ. ಟೈಮ್ ಕೊಟ್ಟವ ಬೆಂಗಳೂರಲ್ಲಿದ್ದ, ಬಾಗಿಲು ತೆಗೀಬೇಕಾದವ್ರು ಇಲ್ಲಿದ್ರು, ಎರಡು ವರ್ಷದಿಂದ ಆ ಮನೆಗೆ ಹೋಗಿ ಬಂದು ಮಾಡಿದ್ರೂ ಅವ್ರ ಮನೆ ಲ್ಯಾಂಡ್‌ಲೈನ್ ನಂಬರ್ ನನ್ನ ಹತ್ರ ಇರ್ಲಿಲ್ಲ. ಅಂಗಳದಲ್ಲಿ ಚಾಪೆ ಮೇಲೆ ಹಲಸಿನಕಾಯಿ ಹಪ್ಪಳ ಹರವಿತ್ತು, ಇನ್ನೂ ಹಸಿ, ಬೆರಳಿಟ್ರೆ ಅಂಟ್ತಿತ್ತು. ಹಸಿ ಹಪ್ಪಳ ದನ ಕಾಗೆಗೆ ಬಿಟ್ಟು ಯಾರಾದ್ರೂ ದೂರ ಹೋಗ್ತಾರಾ? ಅದು ಕಣ್ಣಿಗೆ ಬಿದ್ರೂ ತಲೆಗೆ ಹೋಗ್ಲಿಲ್ಲ. ಮೂರು ಮನೆ ಆಚೆ ಕೇರಿಯವ್ರೆಲ್ಲ ಸೇರಿ ಹಪ್ಪಳ ಒತ್ತುತಾ ಇದ್ರು, ಅಪ್ಪ ಅಮ್ಮ ಇಬ್ರೂ ಅಲ್ಲೇ ಇದ್ರಂತೆ. ಒಂದು ಕೂಗು ಹಾಕಿದ್ರೆ ಸಾಕಿತ್ತು.

ಮಗ ಆ ಮೆಸೇಜನ್ನ ಮನೆ ಗ್ರೂಪಿಗೆ ಹಾಕಿದ, ಸಂಜೆ ಒಳಗೆ ಕೇರಿಯವ್ರೆಲ್ಲ ಕೇಳಿದ್ರು. ಒಬ್ಬರೂ ಜಗಳಕ್ಕೆ ಬರ್ಲಿಲ್ಲ, ಸುಮ್ನೆ ಫೋನ್ ಮಾಡೋದು ಬಿಟ್ರು. ಒಂಬತ್ತು ಮನೆಯೂ ಹೋಯ್ತು. ಆಗಸ್ಟಲ್ಲಿ ಕ್ಷಮೆ ಕೇಳೋಣ ಅಂತ ಹೋದಾಗ ಯಜಮಾನ್ರು ಬ್ಯಾಟರಿ ತೋರಿಸಿದ್ರು. ನೀರು ಇಳಿದಿದೆ ಅಂತ ಅವ್ರೇ ಆರೂ ಮುಚ್ಚಳ ತೆಗೆದು ಬಾವಿ ನೀರು ಹೊಯ್ದಿದ್ರು. ಬಾವಿ ನೀರಲ್ಲಿರೋ ಉಪ್ಪು, ಕಬ್ಬಿಣದ ಅಂಶ ಪ್ಲೇಟ್ ತಿಂದು ಹಾಕ್ತದೆ, 150 ಎಎಚ್ ಟ್ಯೂಬುಲರ್ ಬ್ಯಾಟರಿ ಅರ್ಧ ಗಂಟೆನೂ ನಿಲ್ತಿರ್ಲಿಲ್ಲ. "ನೀ ಬರ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ತಮಾ" ಅಂದ್ರು, ಚಾ ಕೊಟ್ರು. ಆ ಚಾ ಗಂಟಲಲ್ಲಿ ಇಳೀಲಿಲ್ಲ ನಂಗೆ.

ಅದಕ್ಕೇ ಹೇಳ್ತೇನೆ, ದಂಡದ ಮಾತು ಬಿಡಿ. ಗಿರಾಕಿ ತಪ್ಪಿಸ್ಕೊಳ್ತಾನೆ ಅಂತ ನೀವು ಹಿಡ್ಕೊಂಡಿದ್ದೇ ಸರಿ ಇಲ್ಲ, ಹೆಚ್ಚಿನವ್ರು ತಪ್ಪಿಸ್ಕೊಳ್ಳೋದಿಲ್ಲ. ನಮ್ಮಲ್ಲಿ ಅಡಿಕೆ ಕೊನೆ ಇಳಿಸೋ ಕೊನೆಗೌಡ ಬಂದ ಅಂದ್ರೆ ಮನೆಯವ್ರೆಲ್ಲ ತೋಟದಲ್ಲಿ, ಮಳೆ ಬಿಟ್ಟು ಹೊಳವಾದ್ರೆ ಅಡಿಕೆಗೆ ಮದ್ದು ಹೊಡೆಸೋ ಗಡಿಬಿಡಿ, ಫೋನು ನೆಟ್ವರ್ಕ್ ಸಿಗೋ ಅಡಿಗೆಮನೆ ಕಿಟಕಿಯಲ್ಲಿ. ನಾನು ಈಗ ಗಂಟೆ ಹೇಳೋದೇ ಇಲ್ಲ, ಊಟಕ್ಕೆ ಮುಂಚೆ ಇಲ್ಲಾ ಊಟ ಆದ್ಮೇಲೆ, ಅಷ್ಟೇ. ಹಿಂದಿನ ದಿನ ಸಂಜೆ 7ರ ಮೇಲೆ ಬಾಗಿಲು ತೆಗೆಯೋರಿಗೇ ಫೋನ್ ಮಾಡ್ತೇನೆ, ದುಡ್ಡು ಕೊಡೋರಿಗಲ್ಲ. ಪಕ್ಕದ ಮನೆ ನಂಬರ್ ಒಂದು ಇಟ್ಕೊಳ್ತೇನೆ. ಒಂದು ದಿನಕ್ಕೆ ಒಂದೇ ದಿಕ್ಕು, ನಾಲ್ಕು ಮನೆ ಸೇರಿಸ್ಕೊಂಡು ಹೋದ್ರೆ ಒಂದಕ್ಕೆ ಚಿಲಕ ಇದ್ರೂ ಪೆಟ್ರೋಲ್ ಹಾಳಾಗೋದಿಲ್ಲ. ಅಡ್ವಾನ್ಸ್ ನಾನು ತಗೊಳ್ಳೋದು ಪೇಟೆ ಆಫೀಸು, ಹೋಂಸ್ಟೇಯವ್ರ ಹತ್ರ ಮಾತ್ರ, ಅದೂ ಮೊದಲೇ ಹೇಳಿ. ಇಷ್ಟೆಲ್ಲ ಮಾಡಿದ್ಮೇಲೂ ಬೇಕಂತ್ಲೇ ಆಟ ಆಡಿಸೋರು ವರ್ಷಕ್ಕೆ ಒಬ್ಬಿಬ್ರು ಸಿಗ್ತಾರೆ, ಅವ್ರಿಗೆ ಆ ಕಡೆ ಬಂದಾಗ ಬರ್ತೇನೆ ಅಂತೇನೆ.

ಆ ಕೇರಿಯಲ್ಲಿ ಈಗ 6 ಮನೆ ವಾಪಸ್ ಬಂದಿವೆ. ಮೂರು ಬರ್ಲಿಲ್ಲ.

ನಿಮ್ಮ ಆ ಮಲ್ಲಾಪುರದ ಮನೆ ಕೈಗಾ ಅಣು ಸ್ಥಾವರದ ಟೌನ್‌ಶಿಪ್ಪಲ್ಲಾ? ನೈಟ್ ಶಿಫ್ಟ್ ಮುಗಿಸಿ ಬಂದವ್ರು ಬೆಳಿಗ್ಗೆ 11ಕ್ಕೆ ಗಾಢ ನಿದ್ದೆಯಲ್ಲಿ ಇರ್ತಾರೆ, ಬೆಲ್ ಹೊಡೆದ್ರೂ ಕೇಳೋದಿಲ್ಲ. ಅವ್ರ ಶಿಫ್ಟ್ ಯಾವುದು ಅಂತ ಒಂದ್ಸಲ ಕೇಳಿದ್ರಾ?